ಜೇನುಬಣ್ಣದ ಇಂಕಿಗೆ ಅಗಲ ನಿಬ್ಬೇ ಬೇಕು: ಹರ್ಬಿನ್‌ನ ‘ಆಂಬ್ರ್ ದ ಬಿರ್ಮಾನಿ’

ಫೌಂಟನ್ ಪೆನ್ನಿಗೆ ಹಳದಿ ಇಂಕು ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಬರೆದದ್ದನ್ನು ಓದಲಿಕ್ಕೆ ಆಗುತ್ತದೆಯೇ? ಫ್ರಾನ್ಸಿನ ಜೆ. ಹರ್ಬಿನ್ ಕಂಪನಿಯ ‘ಆಂಬ್ರ್ ದ ಬಿರ್ಮಾನಿ’ ಮಟ್ಟಿಗೆ ಅದು ನಿಬ್ಬಿಗೆ ಬಿಟ್ಟದ್ದು. ಎಫ್ (ಸಣ್ಣ ಗೆರೆಯ) ನಿಬ್ಬಿನಲ್ಲಿ ಕಷ್ಟ. ಎಂ (ಮಧ್ಯಮ ಗೆರೆಯ) ನಿಬ್ಬಿನಲ್ಲಿ ಹಗಲು ಬೆಳಕಿದ್ದರೆ ಪರವಾಗಿಲ್ಲ, ರಾತ್ರಿ ಹಳದಿ ಬಲ್ಬಿನ ಕೆಳಗೆ ಅಕ್ಷರಗಳು ಕಾಗದದಲ್ಲಿ ಕರಗಿಹೋಗುತ್ತವೆ. ಬಿ (ಅಗಲ ಗೆರೆಯ) ನಿಬ್ಬು ಅಥವಾ 1.1 ಮಿ.ಮೀ. ಸ್ಟಬ್ (ಚಪ್ಪಟೆ ತುದಿಯ ನಿಬ್ಬು) ಹಾಕಿದ ಮೇಲಷ್ಟೇ ಇದರ ಬೆಲೆ ಗೊತ್ತಾಗುವುದು.

ಹೆಸರಿನ ಅರ್ಥ ‘ಬರ್ಮಾದ ಅಂಬರ್’. ಮ್ಯಾನ್ಮಾರ್‌ನ ಕಾಚಿನ್ ಪ್ರಾಂತ್ಯದ ಹುಕಾಂಗ್ ಕಣಿವೆಯಲ್ಲಿ ಸಿಗುವ, ಸುಮಾರು 9.9 ಕೋಟಿ ವರ್ಷ ಹಳೆಯ ಮರದ ರಾಳ ಅದು. ಇಂಕು ಒದ್ದೆ ಇರುವಾಗ ಜೋನಿಬೆಲ್ಲದಂತೆ ಗಾಢ, ಒಣಗಿದ ಮೇಲೆ ಜೇನಿನಂತೆ ತಿಳಿ. ಅರಿಶಿನದಂಥ ಹಳದಿ ಬಯಸುವವರಿಗೆ ಇದರಲ್ಲಿ ಕಂದು ತುಸು ಜಾಸ್ತಿ ಅನ್ನಿಸಬಹುದು. ಅವರಿಗೆ ಅದೇ ಕಂಪನಿಯ ‘ಬೂತೋಂ ದೋರ್’ ಇದೆ. ಆದರೆ ಅದು ಅಡಿಗೆರೆ ಎಳೆಯಲಿಕ್ಕೆ ಸರಿ, ಪತ್ರ ಬರೆಯಲಿಕ್ಕಲ್ಲ.

ಛಾಯೆಯ ಏರಿಳಿತವೇ ಈ ಇಂಕಿನ ಸೊಗಸು. ಗೆರೆಯ ಆರಂಭದಲ್ಲಿ ತಿಳಿಯಾಗಿ ಹರಿದು, ಪೆನ್ನು ಎತ್ತುವ ಕಡೆ ಶೇಖರವಾಗಿ ಗಾಢವಾಗುತ್ತದೆ. ಕನ್ನಡದ ಅಕ್ಷರಗಳು ದುಂಡಗೆ, ಒಂದೇ ಓಟದಲ್ಲಿ ಸಾಗುವಂಥವು. ಹಾಗಾಗಿ ಗಾಢ ಬಣ್ಣ ತಲೆಕಟ್ಟಿನ ಕೊನೆಯಲ್ಲೂ ಒತ್ತಕ್ಷರದ ಬಾಲದಲ್ಲೂ ನಿಲ್ಲುತ್ತದೆ. ನೋಡಲಿಕ್ಕೆ ಚಂದ. 1.5 ಮಿ.ಮೀ. ಸ್ಟಬ್‌ಗೆ ಹೋದರೆ ಮಾತ್ರ ಸಾಮಾನ್ಯ ಗೆರೆಪುಟದಲ್ಲಿ ಒತ್ತುಗಳ ಕಣ್ಣು ಮುಚ್ಚಿಹೋಗುತ್ತದೆ. ಒಂದು ಸಾಲು ಬಿಟ್ಟು ಬರೆಯಬೇಕು, ಇಲ್ಲವೇ 1.1ಕ್ಕೇ ನಿಲ್ಲಬೇಕು.

ಶೀಶೆ 30 ಮಿ.ಲೀ.ನದು, ಮುಂಭಾಗದಲ್ಲಿ ಪೆನ್ನು ಒರಗಿಸಲು ಒಂದು ತೋಡು. ಮೇಜಿನ ಮೇಲೆ ಲಕ್ಷಣವಾಗಿ ಕೂರುತ್ತದೆ, ಇಂಕು ತುಂಬಿಸಲು ಹೋದರೆ ಸತಾಯಿಸುತ್ತದೆ. ಎತ್ತರ ಕಡಿಮೆ. ಅರ್ಧ ಖಾಲಿಯಾದ ಮೇಲೆ ದೊಡ್ಡ ನಿಬ್ಬು ಪೂರ್ತಿ ಮುಳುಗುವುದಿಲ್ಲ, ಕನ್ವರ್ಟರ್ (ಪೆನ್ನಿನೊಳಗೆ ಇಂಕು ಎಳೆದುಕೊಳ್ಳುವ ಕೊಳವೆ) ಗಾಳಿ ಎಳೆದುಕೊಳ್ಳುತ್ತದೆ. ಮೊಂಡು ಸೂಜಿಯ ಸಿರಿಂಜ್ ಇಟ್ಟುಕೊಂಡರೆ ಈ ರಗಳೆ ಇಲ್ಲ. ಇದೇ ಬಣ್ಣ, ಇಂಕು ತುಂಬಿಯೇ ಬರುವ ಸಣ್ಣ ಕೊಳವೆಗಳಾದ ಕಾರ್ಟ್ರಿಜ್‌ಗಳಲ್ಲೂ ಸಿಗುತ್ತದೆ. ಅವು ಅಂತರರಾಷ್ಟ್ರೀಯ ಅಳತೆಯ ಗಿಡ್ಡ ಕಾರ್ಟ್ರಿಜ್‌ಗಳು, ಲ್ಯಾಮಿ, ಪೈಲಟ್ ಪೆನ್ನುಗಳಿಗೆ ಕೂರುವುದಿಲ್ಲ.

ಬಹಳ ಜನ ಎಡವುವುದು ಪೆನ್ನು ತೊಳೆಯುವ ಕಡೆ. ನೀಲಿ ಇಂಕಿನ ಒಂದು ಹನಿ ಫೀಡಿನಲ್ಲಿ (ನಿಬ್ಬಿನ ಕೆಳಗೆ ಇಂಕು ಹರಿಸುವ ಭಾಗ) ಉಳಿದಿದ್ದರೂ ಹಳದಿಯು ಪಾಚಿಯಂಥ ಹಸಿರಾಗುತ್ತದೆ. ಕಪ್ಪು ಉಳಿದಿದ್ದರೆ ಕೆಸರುಬಣ್ಣ. ನೀರು ತಿಳಿಯಾಯಿತು ಅಂತ ನಿಲ್ಲಿಸಬೇಡಿ, ಫೀಡಿನ ಸಣ್ಣ ಸೀಳುಗಳಲ್ಲಿ ಹಳೆಯ ಇಂಕು ಅಡಗಿರುತ್ತದೆ. ಕನ್ವರ್ಟರ್‌ನಿಂದ ತಣ್ಣೀರನ್ನು 10-15 ಸಲ ಎಳೆದು ಹೊರಬಿಡಿ. ನಂತರ ನಿಬ್ಬನ್ನು ಟಿಶ್ಯೂ ಕಾಗದಕ್ಕೆ ಒತ್ತಿ ಅರ್ಧ ಗಂಟೆ ನಿಲ್ಲಿಸಿ. ಬಿಳಿ ಟಿಶ್ಯೂ ಮೇಲೆ ನೀಲಿಯ ನೆರಳು ಕಂಡರೆ ಮತ್ತೆ ತೊಳೆಯಿರಿ. ಆಗಲೂ ಬಿಡದಿದ್ದರೆ ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಹಾಕಿ, ಅದರಲ್ಲಿ ನಿಬ್ಬಿನ ಭಾಗವನ್ನು ರಾತ್ರಿಯಿಡೀ ನೆನೆಸಿ, ಸೋಪಿನ ಅಂಶ ಪೂರ್ತಿ ಹೋಗುವವರೆಗೆ ಬರೀ ನೀರಿನಲ್ಲಿ ತೊಳೆಯಿರಿ. ಸೋಪು ಉಳಿದರೆ ಇಂಕು ಕಾಗದದ ಮೇಲೆ ಹರಡುತ್ತದೆ. ಬಿಸಿನೀರು ಬೇಡ. ನಮ್ಮ ದೇಶದ ಎಬೊನೈಟ್ (ಗಟ್ಟಿ ರಬ್ಬರ್) ಪೆನ್ನುಗಳ ಮೈ ಅದರಿಂದ ಮಂಕಾಗುತ್ತದೆ. ಇನ್ನೂ ಒಂದು ಮಾತು: ಪೆನ್ನನ್ನು ಶೀಶೆಗೆ ಅದ್ದಿ ತುಂಬಿಸುವವರಾದರೆ, ಫೀಡಿನ ಹಳೆಯ ಬಣ್ಣ ಶೀಶೆಗೇ ಇಳಿದು ಇಡೀ 30 ಮಿ.ಲೀ. ಕೆಡುತ್ತದೆ. ಸಿರಿಂಜ್ ಹಿಡಿಯಲು ಇದೂ ಒಂದು ಕಾರಣ.

ಈ ಇಂಕನ್ನು ತೊಳೆಯುವುದು ಮಾತ್ರ ಸಲೀಸು. ಪಾರದರ್ಶಕ ಪೆನ್ನುಗಳಿಗೆ ಕಲೆ ಮೆತ್ತುವ ಭಯ ಕಡಿಮೆ. ವಾರಗಟ್ಟಲೆ ಬಳಸದೆ ಇಟ್ಟರೆ ಫೀಡಿನಲ್ಲಿ ನೀರಿನಂಶ ಆರಿ ಬಣ್ಣ ಗಟ್ಟಿಯಾಗುತ್ತದೆ. ಆಗ ಮೊದಲ ನಾಲ್ಕೈದು ಸಾಲು ಕಂದಾಗಿ ಬಂದು, ಆಮೇಲೆ ಹಳದಿಗೆ ತಿರುಗುತ್ತದೆ. ಇಂಕು ಕೆಟ್ಟಿತೆಂದು ಚೆಲ್ಲಬೇಡಿ. ನಿಬ್ಬಿನ ತುದಿಯನ್ನು ನೀರಿಗೆ ಒಮ್ಮೆ ಮುಟ್ಟಿಸಿ ಬರೆದರೆ ಸರಿಹೋಗುತ್ತದೆ.

ಕಾಗದ ಬಿಳಿಯದೇ ಇರಲಿ. ಕೆನೆಬಣ್ಣದ ಡೈರಿಯಲ್ಲಿ ಹಳದಿ ಸೋಲುತ್ತದೆ. ರೋಡಿಯಾ ಬ್ರ್ಯಾಂಡಿನ 80 ಜಿಎಸ್‌ಎಂ ಕಾಗದದಲ್ಲಿ ಛಾಯೆ ಚೆನ್ನಾಗಿ ಬರುತ್ತದೆ, ಬಿ ನಿಬ್ಬಿನ ಗೆರೆ ಒಣಗಲು ಸುಮಾರು 20 ಸೆಕೆಂಡ್ ಬೇಕು. ಜೆರಾಕ್ಸ್ ಕಾಗದ ಇಂಕನ್ನು ತಕ್ಷಣ ಹೀರುವುದರಿಂದ ಬೇಗ ಒಣಗುತ್ತದೆ, ಛಾಯೆಯೂ ಅದರ ಜೊತೆಗೇ ಹೋಗುತ್ತದೆ. ಅಗ್ಗದ ನೋಟ್‌ಬುಕ್ಕಿನಲ್ಲಿ ಗೆರೆಯ ಅಂಚಿನಿಂದ ನಾರುನಾರಾಗಿ ಹರಡಬಹುದು. ಬಣ್ಣ ತಿಳಿಯಾದ್ದರಿಂದ ಅದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ನೀರಿಗೆ ಇದು ನಿಲ್ಲುವುದಿಲ್ಲ. ಒಂದು ಹನಿ ಬಿದ್ದರೆ ಅಕ್ಷರ ತೊಳೆದುಹೋಗುತ್ತದೆ, ಬಿಸಿಲಿಗಿಟ್ಟರೆ ಮಾಸುತ್ತದೆ. ಕಪ್ಪು-ಬಿಳುಪು ಸ್ಕ್ಯಾನ್‌ನಲ್ಲಿ ಮಸುಕಾಗುತ್ತದೆ ಅಥವಾ ಕಾಣುವುದೇ ಇಲ್ಲ. ಅರ್ಜಿ, ಚೆಕ್ಕು, ಉತ್ತರಪತ್ರಿಕೆಗಳಿಂದ ದೂರವಿಡಿ.

ಹೈಲೈಟರ್ ಬದಲಿಗೆ ಬಳಸುವವರು ಒಂದನ್ನು ಗಮನಿಸಬೇಕು. ಲೇಸರ್ ಮುದ್ರಣ, ಬಾಲ್‌ಪೆನ್ನಿನ ಬರಹದ ಮೇಲೆ ಧಾರಾಳವಾಗಿ ಎಳೆಯಬಹುದು. ಫೌಂಟನ್ ಪೆನ್ನಿನ ಬರಹದ ಮೇಲೋ ಇಂಕ್‌ಜೆಟ್ ಮುದ್ರಣದ ಮೇಲೋ ಎಳೆದರೆ ಎರಡು ನಷ್ಟ: ಪುಟದ ಬರಹ ಕದಡುತ್ತದೆ, ನಿಬ್ಬು ಆ ಬಣ್ಣವನ್ನು ಹೀರಿಕೊಂಡು ಮುಂದಿನ ಸಾಲುಗಳ ಬಣ್ಣ ಕೆಡಿಸುತ್ತದೆ.

ಪಕ್ಕದಲ್ಲಿಟ್ಟು ನೋಡಲು ಎರಡಿವೆ. ಜಪಾನಿನ ಪೈಲಟ್ ಕಂಪನಿಯ ಇರೋಶಿಜುಕು ಇಂಕುಗಳ ಸಾಲಿನಲ್ಲಿದ್ದ ‘ಇನಾ-ಹೊ’, ಅಂದರೆ ಭತ್ತದ ತೆನೆ, ಇನ್ನಷ್ಟು ಮಂಕು, ಹಸಿರು ಬೆರೆತ ಒಣಹುಲ್ಲಿನ ಬಣ್ಣ. ಓದಲಿಕ್ಕೆ ಇದಕ್ಕಿಂತ ಅದು ಹಿತ, ಎಂ ನಿಬ್ಬಿಗೂ ಒಗ್ಗುತ್ತದೆ. ಅಮೆರಿಕದ ನೂಡ್ಲರ್ಸ್‌ನ ‘ಅಪಾಚೆ ಸನ್‌ಸೆಟ್’ ಹಳದಿಯಿಂದ ಕಿತ್ತಳೆಯವರೆಗೆ ಒಂದೇ ಅಕ್ಷರದಲ್ಲಿ ಓಡಾಡುತ್ತದೆ, ಅಬ್ಬರ ಹೆಚ್ಚು, ಒಣಗುವುದು ನಿಧಾನ. ನಿಮ್ಮಲ್ಲಿರುವುದು ಎಫ್ ನಿಬ್ಬಿನ ಒಂದೇ ಪೆನ್ನಾದರೆ ಮೂರೂ ಬೇಡ. ಆ ದುಡ್ಡಿಗೆ ಮೊದಲು ಒಂದು ಸ್ಟಬ್ ನಿಬ್ಬು ತನ್ನಿ.