ಒಪ್ಪಿ ಬೇರೆಯಾಗೋದೋ, ಒಬ್ಬರೇ ದಾವೆ ಹೂಡೋದೋ?

ವಿಚ್ಛೇದನಕ್ಕಾಗಿ ಧಾರವಾಡದ ಕೋರ್ಟ್ ಮೆಟ್ಟಿಲು ಹತ್ತೋಕೆ ಮುಂಚೆ ತೂಗಿ ನೋಡ್ರಿ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂನಡಿ ಇಬ್ಬರೂ ಒಪ್ಪಿದ್ದರೆ, ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿಯ ನಂತರ ಆರು ತಿಂಗಳು ಕಾಯಬೇಕು. ಈ ಆರು ತಿಂಗಳನ್ನು ಕೋರ್ಟ್ ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಒಬ್ಬರೇ ಹೂಡಿದರೆ ಕ್ರೌರ್ಯವನ್ನೋ, ಎರಡು ವರ್ಷ ಬಿಟ್ಟುಹೋದದ್ದನ್ನೋ, ಇಂಥ ಕಾರಣವೊಂದನ್ನು ಸಾಬೀತು ಮಾಡಬೇಕು. ಸಾಕ್ಷಿ, ಪಾಟೀಸವಾಲು, ತಾರೀಖಿನ ಮೇಲೆ ತಾರೀಖು. ಆದರೂ ಮನೆಯಲ್ಲಿ ಹೊಡೆತವಿದ್ದರೆ ಒಪ್ಪಿಗೆಗಾಗಿ ಕಾಯುತ್ತ ಕೂಡಬ್ಯಾಡ್ರಿ. ದಾವೆ ನಡೆಯುವಾಗಲೇ ಮಧ್ಯಂತರ ಜೀವನಾಂಶ ಕೇಳಬಹುದು. ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತ.

ಎರಡರಲ್ಲೂ ಮಗುವಿನ ಹಿತವೇ ಮೊದಲು. ಐದು ವರ್ಷದೊಳಗಿನ ಕೂಸು ಸಾಮಾನ್ಯವಾಗಿ ತಾಯಿ ಹತ್ತಿರ. ಇನ್ನೊಬ್ಬರು ಮಗುವನ್ನು ನೋಡೋದರ ಬಗ್ಗೆ ಒಪ್ಪಂದದಲ್ಲಿ ‘ಆಗಾಗ ಭೇಟಿ’ ಅಂತ ಬರೆಸಬ್ಯಾಡ್ರಿ. ‘ಪ್ರತಿ ಭಾನುವಾರ 10ರಿಂದ 5, ಉಣಕಲ್ ಕೆರೆ ಉದ್ಯಾನ, ದಸರಾ ರಜೆ ಅರ್ಧರ್ಧ’ ಅಂತ ಬಿಡಿಸಿ ಬರೆಸ್ರಿ. ಶಾಲೆ ಫೀ ಯಾರು ಕಟ್ಟೋದು ಅನ್ನೋದನ್ನೂ.