ನಮ್ಮ ಬೀದಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ: ಮೂರು ವರ್ಷದ ಅನುಭವ

ಮಗಳನ್ನ ಇಲ್ಲಿಗೆ ಸೇರಿಸಿ ಮೂರು ವರ್ಷ ಆಯ್ತು, ಈ ಸಲ ನಾಲ್ಕನೇ ಕ್ಲಾಸು. ಸೇರಿಸ್ಬೇಕಾ ಬೇಡ್ವಾ ಅಂತ ತುಂಬಾ ಜನ ಕೇಳ್ತಿದಾರೆ, ಅದಕ್ಕೇ ಬರೀತಿದೀನಿ.

ಮೊದ್ಲು ಗೇಟ್ ಮೇಲಿರೋ ಬೋರ್ಡ್ ಸರಿಯಾಗಿ ಓದಿ. ಸ.ಕಿ.ಪ್ರಾ. ಶಾಲೆ ಅಂದ್ರೆ ಐದನೇ ಕ್ಲಾಸಿಗೆ ಮುಗೀತು, ಸ.ಹಿ.ಪ್ರಾ. (ಸರ್ಕಾರಿ ಹಿರಿಯ ಪ್ರಾಥಮಿಕ) ಅಂತಿದ್ರೆ ಏಳು, ಕೆಲವು ಕಡೆ ಎಂಟರವರೆಗೂ ಇರುತ್ತೆ. ನಾನು ಇದನ್ನ ಗಮನಿಸ್ಲೇ ಇಲ್ಲ, ಯಾಕಂದ್ರೆ 2009ರ ಶಿಕ್ಷಣ ಹಕ್ಕು ಕಾಯ್ದೆಲಿ ಎಲಿಮೆಂಟರಿ ಅಂದ್ರೆ ಒಂದರಿಂದ ಎಂಟು ಅಂತ ಓದಿದ್ದೆ, ಪ್ರಾಥಮಿಕ ಶಾಲೆ ಅಂದ್ಮೇಲೆ ಎಂಟರವರೆಗೂ ಇದ್ದೇ ಇರುತ್ತೆ ಅನ್ಕೊಂಡ್ಬಿಟ್ಟೆ. ಅಮೆರಿಕದಲ್ಲಿರೋ ನಮ್ಮಕ್ಕನ್ನ ಕೇಳಿದ್ರೆ ಅವ್ರ ಕಡೆ ಎಲಿಮೆಂಟರಿ ಸ್ಕೂಲ್ ಅಂದ್ರೆ ಕಿಂಡರ್‌ಗಾರ್ಟನ್ ಸೇರಿ ಐದರವರೆಗೆ, ಆಮೇಲೆ ಮಿಡಲ್ ಸ್ಕೂಲ್ ಅಂತೆ. ಹಂಗಾಗಿ ಪ್ರೈವೇಟ್ ಶಾಲೆಯವ್ರು ಪಾಂಪ್ಲೆಟ್‌ನಲ್ಲಿ ಎಲಿಮೆಂಟರಿ ಅಂತ ಹಾಕಿದ್ರೂ ಎಷ್ಟನೇ ಕ್ಲಾಸ್‌ವರೆಗೆ ಇದೆ ಅಂತ ಬಾಯ್ಬಿಟ್ಟು ಕೇಳಿ.

ಪಾಠದ ವಿಷ್ಯಕ್ಕೆ ಬಂದ್ರೆ ನಂಗೆ ತುಂಬಾ ಖುಷಿ ಇದೆ. ಮೂರನೇ ಕ್ಲಾಸ್‌ವರೆಗೆ ನಲಿಕಲಿ ಅನ್ನೋ ಕಲಿಕೆ ಪದ್ಧತಿ, 1995ರಲ್ಲಿ ಹೆಗ್ಗಡದೇವನಕೋಟೆ ಕಡೆ ಶುರುವಾಗಿದ್ದು. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ರೂಮಲ್ಲಿ ಗುಂಪು ಗುಂಪಾಗಿ ನೆಲದ ಮೇಲೆ ಕೂತು ಕಾರ್ಡ್ ನೋಡ್ಕೊಂಡು ಕಲೀತಾರೆ, ಒಂದು ಮೆಟ್ಟಿಲು ಆದ್ಮೇಲೆ ಇನ್ನೊಂದು, ಯಾರೂ ಪಕ್ಕದ ಮಗು ಜೊತೆ ಓಡ್ಬೇಕಾಗಿಲ್ಲ. ನನ್ನ ಮಗಳು ಅಕ್ಷರ ಸ್ವಲ್ಪ ನಿಧಾನಕ್ಕೆ ಕಲಿತ್ಲು, ಮಿಸ್ ಒಂದಿನವೂ ಬೈಲಿಲ್ಲ, ಈಗ ಬಸ್ ಬೋರ್ಡೆಲ್ಲ ಓದ್ತಾಳೆ, ಅಜ್ಜಿಗೆ ಪೇಪರ್ ಓದಿ ಹೇಳ್ತಾಳೆ. ಹಾಲು, ಬಿಸಿಯೂಟ, ಪುಸ್ತಕ, ಯೂನಿಫಾರ್ಮ್ ಎಲ್ಲ ಉಚಿತ, ಸಾಂಬಾರ್ ಚೆನ್ನಾಗಿರುತ್ತೆ, ನಾನೇ ತಿಂದಿದೀನಿ.

ತೊಂದ್ರೆ ಇರೋದು ಟೀಚರ್ ಸಂಖ್ಯೆಲಿ. ಐದು ಕ್ಲಾಸಿಗೆ ಇಬ್ಬರೇ, ಒಬ್ರು ಟ್ರೈನಿಂಗೋ ಸರ್ವೆನೋ ಅಂತ ಹೋದ್ರೆ ಉಳಿದೋರು ಒಬ್ರೇ ಎಲ್ಲಾ ಮಕ್ಕಳನ್ನ ನೋಡ್ಕೋಬೇಕು, ಅವತ್ತು ಪಾಠ ನಡೆಯಲ್ಲ. ಇದು ಮಿಸ್‌ಗಳ ತಪ್ಪಲ್ಲ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮೀಟಿಂಗಲ್ಲಿ ಇನ್ನೊಬ್ರನ್ನ ಕೊಡಿ ಅಂತ ಬರೆದು ಕೊಟ್ಟಿದೀವಿ.

ಐದು ಮುಗಿದ್ಮೇಲೆ ಟಿಸಿ ತಗೊಂಡು ಮೇನ್ ರೋಡ್ ಆಚೆಯ ಹಿರಿಯ ಪ್ರಾಥಮಿಕಕ್ಕೆ ಹೋಗ್ಬೇಕು. ಆ ರೋಡಲ್ಲಿ ಲಾರಿ ಓಡಾಟ ಜಾಸ್ತಿ, ಜೊತೆಗೆ ಕಳ್ಸೋಕೆ ಈ ಬೀದಿ ಮಕ್ಕಳು ಯಾರಾದ್ರೂ ಇದ್ರೆ ಹೇಳಿ.