ಒಂದೇ ಪ್ರೇಮಕಾದಂಬರಿ, ನಾಲ್ಕು ರೂಪ: ಕಥೆಯ ಜೊತೆ ಸಂಗೀತವನ್ನು ಎಲ್ಲಿ ಇಡಬೇಕು?

ವಿರುದ್ಧ ಸ್ವಭಾವದ ಇಬ್ಬರು ಒಬ್ಬರಿಗೊಬ್ಬರು ಒಲಿಯುವ ಒಂದು ಕನ್ನಡ ಕಾದಂಬರಿಯನ್ನೂ ಅದಕ್ಕೆಂದೇ ಸಂಯೋಜಿಸಿದ ಒಂಬತ್ತು ಹಾಡುಗಳನ್ನೂ ಈ ಮಳೆಗಾಲದಲ್ಲಿ ನಾಲ್ಕು ರೂಪಗಳಲ್ಲಿ ಓದಿ, ಕೇಳಿ ನೋಡಿದೆ: ಕ್ಯೂಆರ್ ಸಂಕೇತಗಳಿರುವ ಅಚ್ಚಿನ ಪುಸ್ತಕ, ಹಾಡುಗಳನ್ನು ಒಳಗೇ ಅಡಗಿಸಿಕೊಂಡ ಇ-ಪುಸ್ತಕ, ಹಿನ್ನೆಲೆ ಸಂಗೀತವಿರುವ ಆಡಿಯೋ ಪುಸ್ತಕ, ಮತ್ತು ಹಾಡುಗಳಷ್ಟೇ ಇರುವ ಆಲ್ಬಂ. ಲೇಖಕಿಯೂ ಸಂಯೋಜಕರೂ ನನಗೆ ಪರಿಚಿತರು. ಪುಸ್ತಕವನ್ನು ಗೆಳೆಯರೇ ಸೇರಿ ಹೊರತಂದಿದ್ದಾರೆ. ಆದ್ದರಿಂದ ಹೆಸರುಗಳನ್ನು ಬಿಟ್ಟಿದ್ದೇನೆ. ಕೃತಿಯ ವಿಮರ್ಶೆಯೂ ಇಲ್ಲಿ ನನ್ನ ಉದ್ದೇಶವಲ್ಲ. ಒಂದೇ ಕಥೆ, ಒಂದೇ ಸಂಗೀತ ಇದ್ದಾಗ ಯಾವ ರೂಪದಲ್ಲಿ ಎರಡೂ ಒಂದಕ್ಕೊಂದು ನೆರವಾಗುತ್ತವೆ, ಯಾವುದರಲ್ಲಿ ಒಂದನ್ನೊಂದು ತುಳಿಯುತ್ತವೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಹೋಲಿಕೆ ಅರ್ಥವಾಗಲು ಕಥೆಯ ಎಳೆಯನ್ನು ಸ್ವಲ್ಪ ಹೇಳಬೇಕು. ನಾಯಕ ಭಾಗಮಂಡಲದ ಕಡೆಯ ಕಾಫಿ ತೋಟವೊಂದರ ರೈಟರು, ಅಂದರೆ ಲೆಕ್ಕಪತ್ರ ನೋಡಿಕೊಳ್ಳುವ ಗುಮಾಸ್ತ. ದಿನವೂ ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳೆದು, ನಮ್ಮ ಬೆಳೆಗಾರರ ರೂಢಿಯಂತೆ ಇಂಚು ಮತ್ತು ಸೆಂಟುಗಳಲ್ಲಿ (ಇಂಚಿನ ನೂರನೆಯ ಒಂದು ಪಾಲು ಸೆಂಟು) ದಫ್ತರಿಗೆ ಏರಿಸುವವನು. ಮಾತು ಕಡಿಮೆ, ಲೆಕ್ಕ ಹೆಚ್ಚು. ನಾಯಕಿ ಮೈಸೂರಿನಿಂದ ಬಂದ ಸಂಗೀತದ ಮೇಷ್ಟ್ರು. ಕೊಡೆ ಮರೆಯುವುದು, ಬಸ್ಸು ತಪ್ಪಿಸಿಕೊಳ್ಳುವುದು, ನೆನೆದುಕೊಂಡೇ ಹಾಡುತ್ತಾ ಬರುವುದು ಅವಳ ದಿನಚರಿ. ಹೀಗೆ ಹೇಳಿದರೆ ಎಲ್ಲ ಪ್ರೇಮಕಥೆಗಳ ಅಚ್ಚಿನಂತೆಯೇ ಕೇಳಿಸುತ್ತದೆ, ಒಪ್ಪುತ್ತೇನೆ. ಇದನ್ನು ಬೇರೆಯಾಗಿಸುವುದು ಸಂಗೀತ. ಅವಳ ಹಾಡುಗಳೆಲ್ಲ ಮೋಹನ ರಾಗದಲ್ಲಿವೆ, ಅವನವು ಹಿಂದೋಳ ರಾಗದಲ್ಲಿ. ಮೋಹನದ್ದು ಬೆಳಕಿನ, ಬಿಚ್ಚುಮನಸ್ಸಿನ ನಡೆ. ಹಿಂದೋಳ ಒಳಗೇ ಉಳಿಯುವಂಥದ್ದು, ಪಂಚಮ ಸ್ವರವೇ (ಪ) ಇಲ್ಲದ್ದು. ಆದರೆ ಮೋಹನದ ಐದು ಸ್ವರಗಳನ್ನು ಹಾಗೆಯೇ ಇಟ್ಟುಕೊಂಡು, ಅದರ ಗಾಂಧಾರವನ್ನೇ (ಗ) ಆಧಾರಸ್ವರವಾದ ಷಡ್ಜವೆಂದು (ಸ) ಹಿಡಿದು ಹಾಡಿದರೆ ಹುಟ್ಟುವುದು ಹಿಂದೋಳವೇ. ನಮ್ಮ ಸಂಗೀತದಲ್ಲಿ ಗ್ರಹಭೇದವೆನ್ನುವುದು ಇದನ್ನೇ. ವಿರುದ್ಧವೆಂದು ಕಾಣುವ ಇಬ್ಬರ ಬಳಿಯೂ ಇರುವ ಸ್ವರಗಳು ಅವೇ, ನಿಂತ ನೆಲೆ ಮಾತ್ರ ಬೇರೆ ಎಂಬುದನ್ನು ಕಥೆ ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಅದನ್ನು ಹಾಡುಗಳಿಗೆ ಬಿಟ್ಟಿದೆ. ಕಾಫಿ ಗಿಡಗಳನ್ನು ಹೂಬಿಡಿಸುವ ಹೂಮಳೆ ಬಿದ್ದ ರಾತ್ರಿಯ ಅಧ್ಯಾಯಕ್ಕೆ ಸೇರಿದ ಆರನೆಯ ಹಾಡಿನ ನಡುವೆ ಒಂದು ತಂಬೂರಿ ಮೆಲ್ಲನೆ ಹಿಂದೆ ಸರಿದು, ಗಾಂಧಾರದಲ್ಲಿ ಶ್ರುತಿ ಮಾಡಿದ ಮತ್ತೊಂದು ತಂಬೂರಿ ಮುಂದೆ ಬರುತ್ತದೆ. ಅವಳು ಹಾಡುತ್ತಿದ್ದ ಸಾಲೇ ಒಂದು ಸ್ವರವೂ ಬದಲಾಗದೆ ಅವನದಾಗಿಬಿಡುತ್ತದೆ. ಕಚೇರಿಯಲ್ಲಿ ಗ್ರಹಭೇದ ತೋರಿಸುವಾಗ ತಂಬೂರಿಯ ಶ್ರುತಿಯನ್ನು ಹೀಗೆ ಬದಲಾಯಿಸಲಾಗದು; ಧ್ವನಿಮುದ್ರಣಕ್ಕೆ ಅದು ಸಾಧ್ಯ. ಹಾಗಾಗಿ ಯಾವ ರೂಪವನ್ನು ತೂಗುವಾಗಲೂ ನನ್ನ ಮೊದಲ ಪ್ರಶ್ನೆ ಒಂದೇ ಆಗಿತ್ತು: ಈ ಕ್ಷಣ ಇದರಲ್ಲಿ ಕೇಳಿಸುತ್ತದೆಯೇ?

ಅಚ್ಚಿನ ಪುಸ್ತಕದಲ್ಲಿ ಹಾಡಿರುವ ಪ್ರತಿ ಅಧ್ಯಾಯದ ಕೊನೆಗೆ ಒಂದು ಕ್ಯೂಆರ್ ಸಂಕೇತವಿದೆ. 1994ರಲ್ಲಿ ಜಪಾನಿನ ಡೆನ್ಸೋ ವೇವ್ ಸಂಸ್ಥೆ ಮೋಟಾರು ಬಿಡಿಭಾಗಗಳ ಲೆಕ್ಕ ಇಡಲು ರೂಪಿಸಿದ ಈ ಚೌಕ ಪ್ರೇಮಕಥೆಯ ತನಕ ನಡೆದು ಬಂದದ್ದು ಸೋಜಿಗವೇ ಸರಿ. ಆದರೆ ಅದರ ಒಳಗೆ ಹಾಡು ಇರುವುದಿಲ್ಲ, ಹಾಡು ಇರುವ ಜಾಗದ ವಿಳಾಸವಷ್ಟೇ ಇರುತ್ತದೆ. ಮಳೆಗಾಲದ ಕೊಡಗಿನಲ್ಲಿ ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಕೈಕೊಡುವುದು ಇಲ್ಲಿಯವರಿಗೆ ಹೊಸದಲ್ಲ. ಅಧ್ಯಾಯ ಮುಗಿದು, ಫೋನನ್ನು ಪುಟದ ಮೇಲೆ ಹಿಡಿದು, ತಿರುಗುತ್ತಲೇ ಇರುವ ಚಕ್ರವನ್ನು ನೋಡುತ್ತಾ ಕೂತರೆ ಕಥೆ ಕಟ್ಟಿದ ಭಾವವೆಲ್ಲ ಸೋರಿಹೋಗುತ್ತದೆ. ಪುಟವಿನ್ಯಾಸದಲ್ಲೂ ಒಂದು ಎಡವಟ್ಟಿದೆ. ಅಂದಕ್ಕೆಂದು ಸಂಕೇತಗಳನ್ನು ಕೆನೆಬಣ್ಣದ ಕಾಗದದ ಮೇಲೆ ತಿಳಿ ಕಾಫಿ ಬಣ್ಣದಲ್ಲಿ, ಅದೂ ಹೊಲಿಗೆಯ ಅಂಚಿಗೆ ಹತ್ತಿರ ಅಚ್ಚು ಹಾಕಿದ್ದಾರೆ. ಕ್ಯೂಆರ್ ಸಂಕೇತವನ್ನು ಅತಿ ಗಟ್ಟಿ ಮಟ್ಟದಲ್ಲಿ ರಚಿಸಿದರೆ ಸುಮಾರು ಶೇಕಡ 30ರಷ್ಟು ಹಾಳಾದರೂ ಓದಬಹುದು ಎಂಬುದು ನಿಜ. ಆದರೆ ಆ ಸೌಲಭ್ಯ ಕಲೆಗೆ, ಹರಕಿಗೆ ಇರುವಂಥದ್ದು, ಮಾಸಲು ಬಣ್ಣಕ್ಕೂ ಬಾಗಿದ ಪುಟಕ್ಕೂ ಅಲ್ಲ. ಆಷಾಢದ ಥಂಡಿಗೆ ಕಾಗದ ಅಲೆಯಾಗಿ ಎದ್ದ ಮೇಲೆ ಮೂರನೆಯ ಹಾಡಿನ ಸಂಕೇತವನ್ನು ಓದಿಸಲು ಪುಸ್ತಕದ ಬೆನ್ನು ಮುರಿಯುವಷ್ಟು ಬಿಡಿಸಿ, ಎರಡು ಹೆಬ್ಬೆರಳುಗಳಿಂದ ಪುಟವನ್ನು ಒತ್ತಿ ಹಿಡಿದುಕೊಳ್ಳಬೇಕಾಯಿತು. ಫೋನನ್ನು ಹಿಡಿಯಲು ಮನೆಯವರನ್ನು ಕರೆದೆ.

ಇಷ್ಟೆಲ್ಲ ತೊಂದರೆಯ ನಡುವೆಯೂ ಈ ರೂಪಕ್ಕೆ ಬೇರೆ ಯಾವುದರಲ್ಲೂ ಸಿಗದ ಒಂದು ಗುಣವಿದೆ. ಓದುವಾಗ ಓದು, ಕೇಳುವಾಗ ಕೇಳ್ಮೆ. ಅಧ್ಯಾಯ ಮುಗಿದ ಮೇಲೆಯೇ ಹಾಡು ಬರುವುದರಿಂದ, ಆ ಅಧ್ಯಾಯದಲ್ಲಿ ನಡೆದದ್ದನ್ನು ಮನಸ್ಸು ಹಾಡಿನೊಳಗೆ ಮತ್ತೊಮ್ಮೆ ಹಾದುಬರುತ್ತದೆ. ನಮ್ಮ ಗಮಕ ವಾಚನದ ಕ್ರಮವೂ ಇದೇ ಅಲ್ಲವೇ? ಗಮಕಿ ಪದ್ಯವನ್ನು ಹಾಡಿ ನಿಲ್ಲಿಸುತ್ತಾರೆ, ಆಮೇಲೆ ವ್ಯಾಖ್ಯಾನಕಾರರು ಮಾತಾಡುತ್ತಾರೆ. ಒಬ್ಬರ ಮೇಲೆ ಒಬ್ಬರು ಬೀಳುವುದಿಲ್ಲ. ಹರಿಕಥೆಯಲ್ಲಿಯೂ ಕಥೆಯನ್ನು ನಿಲ್ಲಿಸಿ ಪದ ಹಾಡುತ್ತಾರೆ. ಮಾತು ಮತ್ತು ಹಾಡು ಸರದಿಯಲ್ಲಿ ಬರುವುದಕ್ಕೆ ನಮ್ಮ ಕಿವಿ ತಲೆಮಾರುಗಳಿಂದ ಹದಗೊಂಡಿದೆ.

ಇ-ಪುಸ್ತಕದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2011ರಲ್ಲಿ ಬಂದ ಇಪಬ್ 3 ಮಾದರಿಯು ಪುಸ್ತಕದ ಒಳಗೇ ಧ್ವನಿಯನ್ನು ಸೇರಿಸಲು ಅವಕಾಶ ಕೊಡುತ್ತದೆ, ಹಾಗಾಗಿ ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕಿನ ಹಂಗಿಲ್ಲ. ಹೇಳುವುದಕ್ಕೆ ಇದೇ ಅತ್ಯುತ್ತಮ ಉಪಾಯ. ಆದರೆ ನನ್ನ ಫೋನಿನಲ್ಲಿದ್ದ ಓದುವ ಆ್ಯಪುಗಳಲ್ಲಿ ಒಂದು ಹಾಡಿನ ಗುಂಡಿಯನ್ನೇ ತೋರಿಸಲಿಲ್ಲ, ಇನ್ನೊಂದು ಪುಟ ತಿರುಗಿಸಿದೊಡನೆ ಹಾಡನ್ನು ಅರ್ಧಕ್ಕೇ ಕಡಿಯಿತು, ಕನ್ನಡದ ಒತ್ತಕ್ಷರಗಳು ಸಾಲಿನ ಕೊನೆಗೆ ಮುರಿದು ಬಿದ್ದವು. ಸೌಕರ್ಯ ಪಕ್ವವಾಗುವ ತನಕ ಇದನ್ನು ಬದಿಗಿಡುತ್ತೇನೆ.

ಆಡಿಯೋ ಪುಸ್ತಕದ ಕುರಿತು ನನ್ನ ಮನಸ್ಸು ಎರಡಾಗಿದೆ. ಮೊದಲು ಹಿರಿಮೆಯನ್ನೇ ಹೇಳುವೆ. ನಾಯಕ ಮನೆಯವರೊಡನೆ ಕೊಡಗು, ಸುಳ್ಯ ಕಡೆಯ ಗೌಡರ ಆಡುಮಾತಾದ ಅರೆಭಾಷೆಯಲ್ಲಿ ಮಾತಾಡುತ್ತಾನೆ. ಸೋಮವಾರಪೇಟೆ ಕಡೆಯವನಾದ ನನಗೆ ಅಚ್ಚಿನಲ್ಲಿ ಆ ಸಂಭಾಷಣೆಗಳು ತಡೆತಡೆದು ಓದುವಂತಿದ್ದವು. ಅದೇ ಮಾತುಗಳು ಆಡಿಯೋಗೆ ಧ್ವನಿ ಕೊಟ್ಟ ಓದುಗಿಯ ಬಾಯಲ್ಲಿ ಬಂದಾಗ, ಕಾಗದದ ಮೇಲೆ ಒರಟನಾಗಿ ಕಂಡವನು ಎಷ್ಟು ಸಂಕೋಚದ ಮನುಷ್ಯನೆಂಬುದು ತಿಳಿಯಿತು. ವಿರುದ್ಧ ಸ್ವಭಾವದ ಪ್ರೇಮಕಥೆಯಲ್ಲಿ ಓದುಗನು ಮೆಚ್ಚಲೇಬೇಕಾದವನು ಮೊದಲ ನೋಟಕ್ಕೆ ಮೆಚ್ಚದಂತಿರುವ ಆ ಒಬ್ಬನನ್ನೇ. ಆ ಕೆಲಸವನ್ನು ಧ್ವನಿ ಅಕ್ಷರಕ್ಕಿಂತ ಬೇಗ ಮಾಡಿತು. ಮಡಿಕೇರಿಯಿಂದ ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರಿನ ದಾರಿಯಾಗಿ ಮೈಸೂರಿಗೆ ಸುಮಾರು 120 ಕಿಲೋಮೀಟರು. ಜಿಲ್ಲೆಯಲ್ಲಿ ರೈಲಿಲ್ಲ, ಬಸ್ಸಿನಲ್ಲಿ ಪುಸ್ತಕ ಹಿಡಿದರೆ ಸುಂಟಿಕೊಪ್ಪದ ತಿರುವುಗಳಲ್ಲೇ ತಲೆ ತಿರುಗುತ್ತದೆ. ಅಂಥ ಪಯಣಕ್ಕೆ ಇದಕ್ಕಿಂತ ಒಳ್ಳೆಯ ಸಂಗಾತಿಯಿಲ್ಲ. ಎಂಟು ಗಂಟೆಯ ಓದು, 64 ಕೆಬಿಪಿಎಸ್ ಗುಣಮಟ್ಟದಲ್ಲಿ ಸುಮಾರು 230 ಎಂಬಿ. ನೆಟ್‌ವರ್ಕು ಚೆನ್ನಾಗಿರುವಲ್ಲಿ ಇಳಿಸಿಟ್ಟುಕೊಂಡರೆ ಆಯಿತು.

ಕೊರತೆ ಇರುವುದು ಹಿನ್ನೆಲೆ ಸಂಗೀತದಲ್ಲಿ. ಮಾತಿನಡಿಯಲ್ಲಿ ಸಂಗೀತ ಹರಿಯುತ್ತಲೇ ಇರಬೇಕೆಂದು ತೀರ್ಮಾನಿಸಿದಂತಿದೆ. ಅವಳು ಬಾಗಿಲು ತೆರೆದರೆ ಕೊಳಲು, ಅವನು ದಫ್ತರು ಬಿಚ್ಚಿದರೆ ವೀಣೆ. ವಾದ್ಯವಷ್ಟೇ ಇರುವ ಕಡೆ ಹೇಗೋ ಸಹಿಸಬಹುದು, ಗದ್ಯದ ಹಿಂದೆ ಹಾಡಿನ ಸಾಹಿತ್ಯವೂ ಕೇಳಿಬರುವ ಎರಡು ಮೂರು ಕಡೆ ಎರಡೂ ಕೈಗೆ ಸಿಗುವುದಿಲ್ಲ. ಇದು ನನ್ನೊಬ್ಬನ ಕಿವಿಯ ದೋಷವಲ್ಲ. ಸಲಾಮೆ ಮತ್ತು ಬ್ಯಾಡ್ಲಿ ಎಂಬ ಮನಶ್ಶಾಸ್ತ್ರಜ್ಞರು 1989ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕಣ್ಣಿಗೆ ತೋರಿಸಿದ ಅಂಕಿಗಳನ್ನು ಅದೇ ಸರದಿಯಲ್ಲಿ ನೆನಪಿಡುವ ಕೆಲಸಕ್ಕೆ ಬರಿಯ ವಾದ್ಯಸಂಗೀತಕ್ಕಿಂತ ಹಾಡುಗಾರಿಕೆಯೇ ಹೆಚ್ಚು ಅಡ್ಡಿಯಾಗಿತ್ತು. ಅಂಕಿ ನೆನಪಿಡುವುದೂ ಕಾದಂಬರಿ ಕೇಳುವುದೂ ಒಂದೇ ಅಲ್ಲ, ನಿಜ. ಆದರೆ ಪದಗಳ ಮೇಲೆ ಪದ ಬಿದ್ದರೆ ಏನಾಗುತ್ತದೆಂಬುದಕ್ಕೆ ಅಷ್ಟು ಸೂಚನೆ ಸಾಕು. ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು. ಮೊದಲ ಅಧ್ಯಾಯದಿಂದಲೇ ಮೋಹನ ಮತ್ತು ಹಿಂದೋಳ ಮಾತಿನಡಿಯಲ್ಲಿ ಬೆರೆತು ಹರಿದಿರುವುದರಿಂದ, ಇಬ್ಬರೂ ಕೂಡುವ ಹೊತ್ತಿಗೆ ಕೂಡಲು ಏನೂ ಉಳಿದಿರುವುದಿಲ್ಲ. ಬೇರೆಯಾಗಿಯೇ ಇದ್ದ ಎರಡು ಎಳೆಗಳು ಹೆಣೆದುಕೊಳ್ಳುವ ಸುಖ ಬೇಕಾದರೆ ಮೊದಲು ಅವು ಬೇರೆಯಾಗಿ ಕೇಳಿಸಬೇಕಾಗುತ್ತದೆ.

ಹಾಗಿದ್ದೂ ಹೂಮಳೆಯ ಅಧ್ಯಾಯ ಆಡಿಯೋದಲ್ಲೇ ಅತ್ಯುತ್ತಮವಾಗಿ ಬಂದಿದೆ ಎಂಬುದನ್ನು ಒಪ್ಪಲೇಬೇಕು. ಮಾರ್ಚಿನ ಮೊದಲ ಮಳೆ ಬಿದ್ದ ಮಾರನೆಯ ಬೆಳಿಗ್ಗೆ, ವರ್ಷವೆಲ್ಲ ಒಂದು ದಿನವೂ ತಪ್ಪದ ಆ ರೈಟರು ಮಾಪಕದ ಬಳಿ ಹೋಗುವುದೇ ಇಲ್ಲ. ದಫ್ತರಿನಲ್ಲಿ ಆ ದಿನದ ಅಂಕಣ ಖಾಲಿ ಉಳಿಯುತ್ತದೆ. ಆ ವಾಕ್ಯದ ಬಳಿಕ ಓದುಗಿ ನಿಲ್ಲಿಸುತ್ತಾರೆ, ಹಿನ್ನೆಲೆಯೂ ನಿಲ್ಲುತ್ತದೆ, ಮತ್ತೆ ತಂಬೂರಿಯೊಂದೇ ಎದ್ದು ಆರನೆಯ ಹಾಡು ಪೂರ್ತಿಯಾಗಿ ಬರುತ್ತದೆ. ಇಡೀ ಎಂಟು ಗಂಟೆಯಲ್ಲಿ ಸಂಯೋಜಕರೂ ಓದುಗಿಯೂ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟಿರುವುದು ಅಲ್ಲಿ ಮಾತ್ರ.

ಆಲ್ಬಂ ಒಂದನ್ನೇ ಕೇಳಿದರೆ ಸಂಗೀತಕ್ಕೆ ಪೂರ್ಣ ನ್ಯಾಯ ದೊರೆಯುತ್ತದೆ, ಕಥೆಗೆ ಅನ್ಯಾಯವಾಗುತ್ತದೆ. ಒಂಬತ್ತನೆಯ ಹಾಡಿನಲ್ಲಿ ದುಡಿಯೆಂಬ ಪುಟ್ಟ ಚರ್ಮವಾದ್ಯದ ಪೆಟ್ಟೂ ವಾಲಗವೂ ಕೇಳಿಬಂದೊಡನೆ ಅದು ಮದುವೆಯೆಂದು ಕೊಡಗಿನ ಯಾರೇ ಆದರೂ ಹೇಳಿಬಿಡುತ್ತಾರೆ. ಅಲ್ಲಿಗೆ ಕಾದಂಬರಿಯ ಕೊನೆ ಬಯಲು. ಓದಿ ಮುಗಿಸಿದ ಬಳಿಕವೇ ಆಲ್ಬಮ್ಮನ್ನು ಇಡಿಯಾಗಿ ಕೇಳುವುದು ಲೇಸು. ಕೇಳುವ ಸಾಧನವೂ ಇಲ್ಲಿ ಮುಖ್ಯ. ಫೋನಿನ ಪುಟ್ಟ ಸ್ಪೀಕರಿನಲ್ಲಿ ದುಡಿ ಚೊಕ್ಕವಾಗಿ ಕೇಳಿಸುತ್ತದೆ, ಆದರೆ ತಂಬೂರಿಯ ಮಂದ್ರ ಷಡ್ಜ ತೆಳುವಾಗಿ ಕರಗಿಹೋಗುತ್ತದೆ, ಮಂದ್ರವೇ ಇಲ್ಲದಿದ್ದರೆ ನೆಲೆ ಬದಲಾದದ್ದು ತಿಳಿಯುವುದಾದರೂ ಹೇಗೆ? ಶೀಟಿನ ಸೂರಿನ ಮೇಲೆ ಮಳೆ ಹೊಯ್ಯುವಾಗಲಂತೂ ಆರನೆಯ ಹಾಡು ಬರಿಯ ಇಂಪಾದ ಹಾಡಾಗಿ ಉಳಿಯುತ್ತದೆ, ಅದರೊಳಗಿನ ತಿರುವು ಕಾಣೆಯಾಗುತ್ತದೆ. ಸಾಧಾರಣ ಬೆಲೆಯ ತಂತಿಯ ಇಯರ್‌ಫೋನು ಸಾಕು, ದುಬಾರಿಯದ್ದು ಬೇಕಿಲ್ಲ.

ನನ್ನ ಆಯ್ಕೆ ಹೀಗಿದೆ. ಅಚ್ಚಿನ ಪುಸ್ತಕ ಮೊದಲ ಸ್ಥಾನಕ್ಕೆ, ಆದರೆ ಕ್ಯೂಆರ್ ಸಂಕೇತಗಳನ್ನು ನಂಬದೆ. ನಲವತ್ತು ನಿಮಿಷದ ಆಲ್ಬಂ 128 ಕೆಬಿಪಿಎಸ್‌ನಲ್ಲಿ 40 ಎಂಬಿಯೊಳಗೇ ಮುಗಿಯುತ್ತದೆ; ಓದಲು ಶುರು ಮಾಡುವ ಮುನ್ನವೇ ಅದನ್ನು ಫೋನಿಗೆ ಇಳಿಸಿಕೊಂಡು, ಆಯಾ ಅಧ್ಯಾಯ ಮುಗಿದಾಗ ಆಯಾ ಹಾಡನ್ನು ಇಯರ್‌ಫೋನಿನಲ್ಲಿ ಕೇಳುವುದು ಅತ್ಯಂತ ತೃಪ್ತಿ ಕೊಟ್ಟ ಕ್ರಮ. ಹೂಮಳೆಯ ಅಧ್ಯಾಯಕ್ಕೆ ಮಾತ್ರ ಪುಸ್ತಕ ಮುಚ್ಚಿಟ್ಟು ಆಡಿಯೋ ಹಾಕಿಕೊಳ್ಳಿ. ದಿನವೂ ಬಸ್ಸಿನಲ್ಲಿ ಓಡಾಡುವವರಿಗೆ, ಕಣ್ಣಿನ ತೊಂದರೆಯಿರುವ ಹಿರಿಯರಿಗೆ, ಅರೆಭಾಷೆಯ ಸಂಭಾಷಣೆಯ ಸೊಗಸು ಬೇಕೆನ್ನುವವರಿಗೆ ಆಡಿಯೋ ಪುಸ್ತಕವೇ ಸರಿ, ಮೇಲೆ ಹೇಳಿದ ಕಿರಿಕಿರಿಯನ್ನು ತಾಳಿಕೊಳ್ಳುವುದಾದರೆ. ಸಂಗೀತ ಬಲ್ಲವರು ಆಲ್ಬಮ್ಮಿನಿಂದಲೇ ಆರಂಭಿಸುವೆವೆಂದು ಹಟ ಹಿಡಿದರೆ ಒಂಬತ್ತನೆಯ ಹಾಡನ್ನಾದರೂ ಬಿಟ್ಟು ಕೇಳಲಿ.

ಪ್ರಕಾಶಕ ಗೆಳೆಯರಿಗೆ ಎರಡು ಬೇಡಿಕೆಗಳನ್ನು ಆಗಲೇ ತಲುಪಿಸಿದ್ದೇನೆ: ಮುಂದಿನ ಮುದ್ರಣದಲ್ಲಿ ಒಂಬತ್ತು ಸಂಕೇತಗಳ ಬದಲು ಇಡೀ ಆಲ್ಬಮ್ಮನ್ನು ಒಮ್ಮೆಗೇ ಇಳಿಸಿಕೊಳ್ಳಬಹುದಾದ ಒಂದೇ ಸಂಕೇತವನ್ನು ಒಳರಕ್ಷಾಪುಟದಲ್ಲಿ ಅಚ್ಚ ಕಪ್ಪು ಮಸಿಯಲ್ಲಿ ಹಾಕಬೇಕು, ಮತ್ತು ಆಡಿಯೋ ಪುಸ್ತಕಕ್ಕೆ ಹಿನ್ನೆಲೆ ಸಂಗೀತವಿಲ್ಲದ, ಅಧ್ಯಾಯದ ಕೊನೆಗಷ್ಟೇ ಹಾಡು ಬರುವ ಇನ್ನೊಂದು ಆವೃತ್ತಿ ಬರಬೇಕು. ಮೊದಲನೆಯದಕ್ಕೆ ಒಪ್ಪಿದ್ದಾರೆ. ಎರಡನೆಯದಕ್ಕೆ ಸಂಯೋಜಕರು ಇನ್ನೂ ತಕರಾರು ತೆಗೆಯುತ್ತಿದ್ದಾರೆ. ಅಂಥದೊಂದು ಆವೃತ್ತಿ ಬಂದರೆ ಮೇಲಿನ ಶ್ರೇಯಾಂಕವನ್ನು ತಿರುವುಮುರುವು ಮಾಡಲು ನಾನು ಸಿದ್ಧ.